ಒಂದೇ ಬಾಯಿಯ ಮೂರು ಅಚ್ಚು

ಜನವರಿ 11

ತಮ್ಮನಿಗೆ ಅಕ್ಕ ಬರೆದದ್ದು.

ದೇವರ ದಯೆಯಿಂದ ನಾನೂ ಅತ್ತೆಯೂ ಕ್ಷೇಮ. ಇದರ ಜೊತೆಗೆ ಬಂದಿರುವ ಡಬ್ಬಿಯನ್ನು ನಿನ್ನ ಹೆಂಡತಿಯ ಎದುರಿಗೆ ಬಿಚ್ಚಬೇಡ, ಪಾಪ, ಬೆಚ್ಚಿಬೀಳುತ್ತಾಳೆ. ಅದರಲ್ಲಿರುವುದು ನನ್ನ ಹಲ್ಲು. ನಾಲ್ಕು ವರ್ಷದ ಕೆಳಗೆ ನೀನೇ ಕಟ್ಟಿಕೊಟ್ಟ ಎಡಗಡೆಯ ಮೇಲಿನ ನಾಲ್ಕು ಹಲ್ಲಿನ ಪ್ಲೇಟು. ಇಷ್ಟು ದಿನ ಒಂದು ಮಾತೂ ಆಡದೆ ಕೂತಿತ್ತು. ಈಗ ಒಂದು ತಿಂಗಳಿಂದ ಬಿಗಿ. ಹಾಕಿಕೊಳ್ಳುವಾಗ ಹೆಬ್ಬೆರಳಲ್ಲಿ ಒತ್ತಬೇಕು, ತೆಗೆಯುವಾಗ ಕಣ್ಣಲ್ಲಿ ನೀರು ಬರುತ್ತದೆ. ನಡೆಯುತ್ತಾ ನಡೆಯುತ್ತಾ ಚಪ್ಪಲಿ ಚಿಕ್ಕದಾದ ಹಾಗೆ.

ಫೋನಿನಲ್ಲೇ ಹೇಳೋಣವೆಂದರೆ ಕಟ್ಟಿದ ಹಲ್ಲನ್ನು ಉಜ್ಜಿ ನಯಮಾಡುವ ನಿನ್ನ ಕೆಲಸದ ಮೆಷಿನ್ನು ನಿನ್ನ ಕಿವಿಯನ್ನೂ ಉಜ್ಜಿಬಿಟ್ಟಿದೆ. ಹೋದ ಸಲ ನಾನು "ಹಾಲು ಕುಡಿದೆ" ಎಂದರೆ ನೀನು "ಯಾರು ಮಡಿದರು?" ಎಂದು ಕಿರುಚಿದೆ. ನಮ್ಮ ಹೊಲಿಗೆ ಅಂಗಡಿಯ ಯಜಮಾನಿಯ ಮೇಜಿನ ಮೇಲಿನ ಫೋನು ಅದು, ಹೊಲಿಗೆಯವರೆಲ್ಲ ಮೆಷಿನ್ನು ನಿಲ್ಲಿಸಿ ನಕ್ಕರು. ಅದಕ್ಕೇ ಕಾಗದ.

ಕೆಲಸ ಬೇಕಾದಷ್ಟಿದೆ. ಆಸ್ಪತ್ರೆಗಳ ಮಂಚಕ್ಕೆ ಹಾಸುವ ಚಾದರ, ದಿಂಬಿನ ಚೀಲ. ನಾನು ಈಗಲೂ ಕತ್ತರಿಸುವ ಮೇಜಿನಲ್ಲೇ ಇದ್ದೇನೆ. ಹಲ್ಲಿಲ್ಲದೆ ಬಾಯಿ ಪೊಳ್ಳಾಗಿ ಅತ್ತೆಯ ತಂಗಿಯ ಹಾಗೆ ಕಾಣುತ್ತೇನಂತೆ. ಅತ್ತೆಯೇ ಅಂದದ್ದು. ಬೇಗ ಸರಿಮಾಡಿ ಕಳಿಸು. ಹೊಲಿಗೆಯವರಿಗೆಲ್ಲ ಸಂಜೆ ಪ್ರಾರ್ಥನೆ ಹೇಳಿಕೊಡುವವಳು ನಾನೇ, ತೊದಲಿದರೆ ದೇವರು ಸುಮ್ಮನಿರುತ್ತಾನೆ, ಜನ ಸುಮ್ಮನಿರುವುದಿಲ್ಲ.

ನಿನ್ನ ಅಕ್ಕ


ಜನವರಿ 24

ಅಕ್ಕಾ,

ಡಬ್ಬಿಯನ್ನು ಹೆಂಡತಿಯೇ ಬಿಚ್ಚಿದಳು. ಏನಾಯಿತೆಂದು ಕೇಳಬೇಡ.

ಪ್ಲೇಟನ್ನು ನೋಡಿದೆ. ನನ್ನ ಕೈಗೆಲಸಕ್ಕೆ ನಾನೇ ಶಹಬ್ಬಾಸ್ ಹೇಳಿಕೊಂಡೆ, ಒಂದು ಬಿರುಕಿಲ್ಲ. ಕೆನ್ನೆಯ ಕಡೆಗೆ ಒಳಮೈಯನ್ನು ಒಂದು ಕಾಗದದಷ್ಟು ಉಜ್ಜಿದ್ದೇನೆ. ಹಾಕಿ ನೋಡು. ರಾತ್ರಿ ನೀರಿನಲ್ಲಿ ನೆನೆಸಿಡು ಎಂದು ಅವತ್ತೇ ಹೇಳಿದ್ದೆ. ನೀನು ದೇವರ ಮನೆಯ ಗೂಡಿನಲ್ಲಿ ಒಣಗಲು ಇಟ್ಟಿರುತ್ತೀಯ, ಸೊಟ್ಟಗಾಗಿರುತ್ತದೆ.

ಒಂದು ತಮಾಷೆ ಹೇಳಲಾ? ಇಪ್ಪತ್ತೆರಡು ವರ್ಷದಿಂದ ಹಲ್ಲು ಕಟ್ಟುತ್ತಿದ್ದೇನೆ. ವಯಸ್ಸಾದಂತೆ ವಸಡು ಕರಗಿ ಎಲ್ಲರ ಪ್ಲೇಟೂ ಸಡಿಲವಾಗುತ್ತದೆ, ಮಾತಾಡುವಾಗ ಕೆಳಗೆ ಬೀಳುತ್ತದೆ, ಸೀನಿದರೆ ಎದುರಿನವರ ಮಡಿಲಿಗೆ ಹೋಗುತ್ತದೆ. ಬಿಗಿಯಾಯಿತು ಎಂದು ಕಳಿಸಿದವಳು ನೀನೊಬ್ಬಳೇ. ಚಿಕ್ಕಂದಿನಿಂದಲೂ ಎಲ್ಲದರಲ್ಲೂ ನಿನ್ನದು ಉಲ್ಟಾ.

ತಮ್ಮ


ಮಾರ್ಚ್ 8

ತಮ್ಮನಿಗೆ,

ನೀನು ಉಜ್ಜಿದ್ದು ಐದು ವಾರ ನಡೆಯಿತು. ಈಗ ಮತ್ತೆ ಅದೇ ಕಥೆ, ಅದೇ ಕಡೆ. ನೀರಿನಲ್ಲೇ ನೆನೆಸಿಟ್ಟಿದ್ದೆ, ಆಣೆಯಿಟ್ಟು ಹೇಳುತ್ತೇನೆ.

ಇಲ್ಲಿನ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಅವರಿಗೂ ಎಪ್ಪತ್ತಾಯಿತು. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ನೋಡಿದರು. "ವಸಡು ಊದಿದೆಯಮ್ಮಾ, ಪ್ಲೇಟು ಒತ್ತಿ ಒತ್ತಿ ಹೀಗಾಗಿದೆ" ಎಂದರು. ಪ್ಲೇಟು ಒತ್ತಿದ್ದರಿಂದ ಊದಿತೋ, ಊದಿದ್ದರಿಂದ ಪ್ಲೇಟು ಒತ್ತಿತೋ ಎಂದು ಕೇಳೋಣವೆಂದಿದ್ದೆ. ಬಾಯಲ್ಲಿ ಅವರ ಬೆರಳಿತ್ತು. ಮಾತ್ರೆ ಕೊಟ್ಟು ಹೊಸದಾಗಿ ಅಚ್ಚು ತೆಗೆದರು. ಹಳೆಯ ಪ್ಲೇಟನ್ನೂ ಆ ಅಚ್ಚನ್ನೂ ಹಳೆಯ ಚಾದರದ ತುಂಡಿನಲ್ಲಿ ಸುತ್ತಿ ಕಳಿಸಿದ್ದೇನೆ.

ನೋವು ಇದೆ. ಬರೆಯಬಾರದು ಅಂದುಕೊಂಡಿದ್ದೆ. ಹಲ್ಲೇ ಇಲ್ಲದ ಕಡೆ ಹಲ್ಲುನೋವು, ಇದೆಂಥ ನ್ಯಾಯ ಹೇಳು. ಅತ್ತೆ ನನ್ನನ್ನು ನೋಡಿ, "ನೋಡೇ, ನನ್ನ ಬಾಯಲ್ಲಿ ಒಂದು ಹಲ್ಲೂ ಇಲ್ಲ, ಮೈಯಲ್ಲಿ ಒಂದು ರೋಗವೂ ಇಲ್ಲ. ನೀನು ಕಟ್ಟಿಸಿಕೊಂಡೆ, ಅನುಭವಿಸು" ಎನ್ನುತ್ತಾರೆ. ಆಮೇಲೆ ತಾವೇ ಬಿಸಿನೀರು ಕಾಯಿಸಿ ಕೊಡುತ್ತಾರೆ.

ದಿನಾ ಬೆಳಿಗ್ಗೆ ದೀಪ ಹಚ್ಚಿ ಒಂದೇ ಬೇಡಿಕೆ: ನೋವೊಂದನ್ನು ತೆಗೆದುಬಿಡಪ್ಪಾ. ಬೇರೆ ಏನನ್ನೂ ಕೇಳುತ್ತಿಲ್ಲ.

ಅಕ್ಕ


ಮಾರ್ಚ್ 20

ಅಕ್ಕಾ,

ಅಚ್ಚು ಒಡೆಯದೆ ಬಂತು. ನಿಮ್ಮ ಡಾಕ್ಟರ ಕೈ ನಡುಗುತ್ತಿರಬೇಕು. ಎಡಗಡೆ ಪ್ಲಾಸ್ಟರ್ ಸ್ವಲ್ಪ ಉಬ್ಬಿಕೊಂಡಿದೆ. ಅದಕ್ಕೆ ಕೂರುವ ಹಾಗೆ ಪ್ಲೇಟನ್ನು ಚೆನ್ನಾಗಿಯೇ ಉಜ್ಜಿದ್ದೇನೆ. ಈ ಸಲ ಒತ್ತುವುದಿಲ್ಲ.

ಕೆಲಸ ತುಂಬಾ ಇದೆ. ಮುಂದಿನ ಸಲ ಉದ್ದ ಬರೆಯುತ್ತೇನೆ.

ತಮ್ಮ


ಮೇ 17

ತಮ್ಮನಿಗೆ,

ದೇವರು ಕಿವಿಗೊಟ್ಟ! ನೋವು ಹೋಯಿತು. ಕಡಿಮೆಯಾದದ್ದಲ್ಲ ಕಣೋ, ಒರೆಸಿ ತೆಗೆದ ಹಾಗೆ ಹೋಯಿತು. ಒಂದು ಬೆಳಿಗ್ಗೆ ಎದ್ದರೆ ಕೆನ್ನೆ ಸುಮ್ಮನಾಗಿತ್ತು. ಹಾಗೇ ದೀಪದ ಮುಂದೆ ಕೂತು ಅತ್ತುಬಿಟ್ಟೆ.

ಎಷ್ಟು ಸುಮ್ಮನಾಗಿದೆ ಎಂದರೆ ಒಂದು ಸಂಗತಿ ಹೇಳುತ್ತೇನೆ, ನಗು. ನಿನಗೆ ಗೊತ್ತಲ್ಲ, ಬಟ್ಟೆಗೆ ಗುರುತು ಹಾಕುವಾಗ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿ ಹಿಡಿಯುವುದು ನನ್ನ ಚಾಳಿ. ಮೊನ್ನೆ ಹಾಗೇ ಹಿಡಿದು ಕತ್ತರಿಸುತ್ತಿದ್ದೆ. ಗುಂಡಿ ಹಚ್ಚುವವಳು ಎದುರಿಗೆ ಬಂದವಳೇ "ಅಯ್ಯೋ ಅಕ್ಕಾ, ರಕ್ತ!" ಎಂದು ಕೂಗಿಕೊಂಡಳು. ಯಾರದು ಎಂದು ಸುತ್ತ ನೋಡಿದೆ. ನನ್ನದೇ! ಸೂಜಿ ಎಡಗಡೆಯ ಮೇಲ್ದುಟಿಗೆ ಅರ್ಧ ಇಳಿದಿತ್ತು. ಬಿಳಿ ಚಾದರದ ಮೇಲೆಲ್ಲ ಹನಿ. ನನಗೆ ಒಂದು ಚೂರೂ ಗೊತ್ತಾಗಿಲ್ಲ! "ಸೂಜಿಗೂ ಹೆದರದ ತುಟಿ ನಿಮ್ಮದು, ಗಂಡ ಇದ್ದಾಗ ಯಾಕಪ್ಪಾ ಸುಮ್ಮನಿದ್ದಿರಿ?" ಎಂದು ಅವಳು ಕಿಚಾಯಿಸಿದಳು. ಎಲ್ಲರೂ ನಕ್ಕರು. ಆ ಎರಡು ಮೀಟರು ಬಟ್ಟೆಯನ್ನು ನಾನೇ ಒಗೆದು ತಂದುಕೊಟ್ಟೆ.

ಪ್ಲೇಟು ಮಾತ್ರ ಮತ್ತೆ ಹಿಡಿಯುತ್ತಿಲ್ಲ. ನೋವಿಲ್ಲದ ಮೇಲೆ ಬಿಗಿಯಾದರೇನು ಎಂದು ಒತ್ತಿದೆ, ಕೂರಲೇ ಇಲ್ಲ. ಡಾಕ್ಟರು ಮತ್ತೆ ಅಚ್ಚು ತೆಗೆದಿದ್ದಾರೆ, ನಾಲ್ಕು ವರ್ಷದ ಹಿಂದಿನದೂ ಸೇರಿದರೆ ಇದು ಮೂರನೆಯದು, ಪ್ಲೇಟಿನ ಜೊತೆ ಕಳಿಸಿದ್ದೇನೆ. ಎಡ ಮೂಗು ಕಟ್ಟಿಕೊಂಡಿದೆ, ಶೀತವಿರಬೇಕು. ಕೆನ್ನೆ ತುಂಬಿಕೊಂಡಿದೆ. ಒಂದು ಕಡೆಗೆ ಮಾತ್ರ ವಯಸ್ಸು ಹಿಂದೆ ಹೋಗಿದೆ ಎನ್ನುತ್ತಾರೆ ಅತ್ತೆ.

ಅಕ್ಕ


ಜೂನ್ 16

ತಮ್ಮನಿಗೆ,

ಒಂದು ತಿಂಗಳಾಯಿತು, ಕಾಗದವೂ ಇಲ್ಲ ಹಲ್ಲೂ ಇಲ್ಲ. ಅಚ್ಚು ದಾರಿಯಲ್ಲಿ ಒಡೆಯಿತೇ? ನಿನಗೆ ಹುಷಾರಿಲ್ಲವೇ? ಎರಡೂ ಇಲ್ಲವೆಂದರೆ ಬಂದು ಕಿವಿ ಹಿಂಡುತ್ತೇನೆ, ಹೇಗೂ ಬೇರೆ ಉಪಯೋಗಕ್ಕಿಲ್ಲ ಅದು.

ಅಕ್ಕ


ಜುಲೈ 2

ಅಕ್ಕಾ,

ಈ ಕಾಗದ ಕೈಗೆ ಬಂದ ದಿನವೇ ಹೊರಟು ಬಾ. ಇಲ್ಲಿ ದವಡೆಯ ಡಾಕ್ಟರಮ್ಮ ಒಬ್ಬರಿದ್ದಾರೆ, ಪರಿಚಯದವರು. ಒಂದು ಫೋಟೋ ತೆಗೆಸೋಣ ಅಂತ, ಅಷ್ಟೇ. ಪ್ಲೇಟು ಸರಿಯಾಗಿ ಕೂರಬೇಕಲ್ಲ. ಅತ್ತೆಯನ್ನು ಗುಂಡಿ ಹಚ್ಚುವವಳು ನೋಡಿಕೊಳ್ಳಲಿ.

ಆ ಗುಂಡುಸೂಜಿಯ ವಿಷಯ ಬರೆದಿದ್ದೆಯಲ್ಲ. ಜೋಮು ತುಟಿಗೆ ಮಾತ್ರವೇ, ಮೇಲಕ್ಕೂ ಇದೆಯೇ? ಮೂಗಿನ ಪಕ್ಕಕ್ಕೆ? ಕಣ್ಣಿನ ಕೆಳಗೆ? ಬರುವಾಗ ಹೇಳು. ಇಲ್ಲ, ಬರುವ ಮೊದಲೇ ಬರೆದು ಹಾಕು.

ತಮ್ಮ


ಜುಲೈ 10

ತಮ್ಮನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅಕ್ಷರ ಓಡಿಹೋಗುತ್ತಿರುವವನ ಹಾಗಿದೆ. ಮನೆಯಲ್ಲಿ ಏನಾದರೂ ಮಾತಿಗೆ ಮಾತು ಬೆಳೆಯಿತೇ? ಹೆಂಡತಿ ಮುನಿಸಿಕೊಂಡಳೇ? ಅಕ್ಕ ಬಂದು ನಡುವೆ ಕೂರಲಿ ಎಂದಿದ್ದರೆ ಹಾಗೇ ಬರಿ, ನನ್ನ ಕೆನ್ನೆಯ ನೆಪ ಯಾಕೆ?

ಈಗ ಹೊರಡಲಾಗದು. ಒಂದು ದೊಡ್ಡ ಆಸ್ಪತ್ರೆಯ ಆರುನೂರು ಚಾದರ ಈ ತಿಂಗಳ ಕೊನೆಗೆ ಹೋಗಬೇಕು. ಕತ್ತರಿಸುವ ಮೇಜಿನಲ್ಲಿ ನಾನೊಬ್ಬಳೇ. ಜೋಮು ಎಲ್ಲಿಯವರೆಗೆ ಎಂದೆಲ್ಲ ಅಳೆಯುತ್ತಾ ಕೂರುವ ಹೊತ್ತಿಲ್ಲ. ದೇವರು ತೆಗೆದ ನೋವನ್ನು ಡಾಕ್ಟರ ಹತ್ತಿರ ಹೋಗಿ ಹುಡುಕಿಸುವುದು ನನಗೆ ಸರಿಕಾಣುವುದಿಲ್ಲ.

ಪ್ಲೇಟು ಮಾತ್ರ ಕಳಿಸು. ಮುಂದಿನ ತಿಂಗಳು ನೋಡೋಣ.

ಅಕ್ಕ


ಜುಲೈ 19

ಅಕ್ಕಾ,

ಮನೆಯಲ್ಲಿ ಜಗಳವಿಲ್ಲ. ನಿನಗೆ ಸುಳ್ಳು ಬರೆದದ್ದಕ್ಕೆ ನೀನು ಸುಳ್ಳನ್ನೇ ಅರ್ಥ ಮಾಡಿಕೊಂಡೆ. ತಪ್ಪು ನನ್ನದು. ಈಗ ಆದದ್ದನ್ನು ಆದಂತೆ ಬರೆಯುತ್ತೇನೆ.

ನಿನ್ನ ಮೂರೂ ಅಚ್ಚುಗಳನ್ನು ಕೆಲಸದ ಕೋಣೆಯ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದೆ. ನಾಲ್ಕು ವರ್ಷದ ಹಿಂದಿನದು, ಮಾರ್ಚಿನದು, ಮೇ ತಿಂಗಳದು. ಜೂನ್ ಕೊನೆಯಲ್ಲಿ ಆ ಡಾಕ್ಟರಮ್ಮ ಬೇರೆ ಯಾರದೋ ಹಲ್ಲು ತೆಗೆದುಕೊಂಡು ಹೋಗಲು ಬಂದರು. ನಿಂತಲ್ಲೇ ಹಲಗೆಯನ್ನು ನೋಡಿದರು. "ಇವು ಯಾರ್‍ಯಾರದು?" ಎಂದು ಕೇಳಿದರು. "ಯಾರ್‍ಯಾರದೂ ಅಲ್ಲ ಡಾಕ್ಟರೇ, ಒಬ್ಬರದೇ. ನಮ್ಮಕ್ಕನದು" ಎಂದೆ. ಅವರು ಕೈಚೀಲವನ್ನು ಕೆಳಗಿಟ್ಟು ಮೂರನ್ನೂ ಒಂದೊಂದಾಗಿ ಕೈಗೆತ್ತಿಕೊಂಡು ಎಡಗಡೆಯನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ "ತುಟಿಗೆ ಜೋಮಿದೆಯಾ ಅಂತ ಕೇಳಿದ್ದೀರಾ?" ಎಂದರು. ನನಗೆ ಕೇಳಿಸಲಿಲ್ಲ ಎಂದುಕೊಂಡು ಇನ್ನೊಮ್ಮೆ ಕೂಗಿ ಕೇಳಿದರು. ಕೇಳಿಸಿತ್ತು. ನಿನ್ನ ಕಾಗದ ಮೇಜಿನ ಖಾನೆಯಲ್ಲೇ ಇತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮಾರ್ಚಿನಲ್ಲಿ ನಿಮ್ಮ ಡಾಕ್ಟರ ಕೈ ನಡುಗಿತು ಎಂದು ಬರೆದೆನಲ್ಲ. ಕೈ ನಡುಗಿದರೆ ಅಚ್ಚು ಕಲೆಸಿಹೋಗುತ್ತದೆ ಅಕ್ಕಾ, ಉಬ್ಬುವುದಿಲ್ಲ. ಇದು ಈ ಕಸುಬಿನಲ್ಲಿ ಮೊದಲ ವರ್ಷ ಕಲಿಯುವ ಮಾತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಉಜ್ಜಿದೆ. ಉಬ್ಬಿದ್ದು ಪ್ಲಾಸ್ಟರೇ ಆಗಲಿ ಎಂದುಕೊಂಡೆ. ಮೇ ತಿಂಗಳ ಅಚ್ಚು ಬಂದ ಮೇಲೆ ಪ್ಲೇಟನ್ನು ಮುಟ್ಟಲು ಕೈ ಬರಲಿಲ್ಲ, ಕಾಗದ ಬರೆಯಲೂ ಬರಲಿಲ್ಲ. ಹಾಗೆ ಒಂದೂವರೆ ತಿಂಗಳು ಕಳೆದೆ.

ಅದು ಏನೆಂದು ಚೂರು ತೆಗೆದು ನೋಡುವವರೆಗೆ ಹೇಳಲಾಗದು ಎನ್ನುತ್ತಾರೆ. ಅವರು ಆ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ. ಚಾದರ ಯಾರಾದರೂ ಕತ್ತರಿಸಲಿ. ನಾನು ಶನಿವಾರದ ಬಸ್ಸಿಗೆ ಹೊರಟು ಭಾನುವಾರ ನಿನ್ನ ಬಾಗಿಲಲ್ಲಿರುತ್ತೇನೆ. ಬಟ್ಟೆ ಕಟ್ಟಿಕೊಂಡಿರು.

ತಮ್ಮ


ಡಿಸೆಂಬರ್ 4
ಆಸ್ಪತ್ರೆ, ಎರಡನೆಯ ಮಹಡಿ, ಕಿಟಕಿಯ ಪಕ್ಕದ ಮಂಚ

ತಮ್ಮನಿಗೆ,

ಒಂದೇ ಊರಿನಲ್ಲಿದ್ದುಕೊಂಡು ಕಾಗದ ಬರೆಯುವವರು ನಾವಿಬ್ಬರೇ ಇರಬೇಕು. ಸಂಜೆ ಒಂದು ಗಂಟೆ ನಿನ್ನನ್ನು ಒಳಗೆ ಬಿಡುತ್ತಾರೆ. ಆ ಒಂದು ಗಂಟೆಯಲ್ಲಿ ನಿನಗೆ ಕಿವಿಯಿಲ್ಲ, ನನಗೆ ಬಾಯಿಲ್ಲ. ಇಬ್ಬರೂ ಕೈ ಆಡಿಸುವುದನ್ನು ನೋಡಿ ಪಕ್ಕದ ಮಂಚದ ಅಜ್ಜಿ "ನಿಮ್ಮದು ಯಾವ ನಾಟಕ?" ಎಂದು ಕೇಳಿದಳು. ಇದನ್ನು ನರ್ಸಿನ ಕೈಯಲ್ಲಿ ಕೊಟ್ಟಿರುತ್ತೇನೆ, ಮನೆಗೆ ಹೋಗಿ ಓದು.

ಚೂರು ತೆಗೆದದ್ದನ್ನು ಮೂರು ಕಡೆಗೆ ಕಳಿಸಿ ನೋಡಿಸಿದರಲ್ಲ, ಮೊದಲನೆಯವರಿಗೆ ಅದು ಏನೆಂದೇ ಗೊತ್ತಾಗಲಿಲ್ಲವಲ್ಲ, ಆಗ ನೀನು ಹೊರಗೆ ಗೋಡೆ ನೋಡುತ್ತಾ ನಿಂತಿದ್ದೆ. ನನಗೆ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಮೂಳೆಯೇ ಹುಚ್ಚು ಹಿಡಿದು ಮೂಳೆಯನ್ನು ಹೆರುತ್ತಿದೆಯಂತೆ. ಕಾಲಿನಲ್ಲಿ ಬರುವುದುಂಟು, ದವಡೆಯಲ್ಲಿ ಬರುವುದು ಲಕ್ಷಾಂತರ ಜನರಲ್ಲಿ ಒಬ್ಬರಿಗಂತೆ. "ಅಷ್ಟು ಜನರಲ್ಲಿ ನನ್ನನ್ನೇ ಹುಡುಕಿಕೊಂಡು ಬಂತಲ್ಲ, ನನ್ನ ವಿಳಾಸ ಯಾರು ಕೊಟ್ಟರು?" ಎಂದೆ. ಅವರು ನಗಲಿಲ್ಲ, ನನ್ನ ಕೈ ಹಿಡಿದುಕೊಂಡರು. ಕೈ ಹಿಡಿದಾಗ ಗೊತ್ತಾಯಿತು.

ಬಾಟಲಿಯ ಔಷಧಿ ಮೂರು ಸುತ್ತು ಆಯಿತು. ಕೂದಲು ಹೋಯಿತು, ಉಗುರು ಕಪ್ಪಾಯಿತು. ಆಮೇಲೆ ಕತ್ತರಿ. ಕೆನ್ನೆಯ ಒಳಗಿನಿಂದ ಮೇಲಿನ ದವಡೆಯ ಅರ್ಧ, ಅಂಗುಳಿನ ಅರ್ಧ ಹೋಯಿತು. ಒಳಗೆ ತುರುಕಿದ್ದ ಬಟ್ಟೆಯನ್ನು ಮೊನ್ನೆ ತೆಗೆದು ಕನ್ನಡಿ ಕೊಟ್ಟರು. ನೋಡಿದೆ. ಬಾಯಿ ತೆರೆದರೆ ಕಣ್ಣಿನ ಕೆಳಗಿನವರೆಗೂ ಒಂದೇ ಗುಹೆ. ನೀರು ಕುಡಿದರೆ ಮೂಗಿನಲ್ಲಿ ಇಳಿಯುತ್ತದೆ.

ಮಾತು ಹೇಗಾಗಿದೆ ಎಂದು ನಿನಗೆ ಗೊತ್ತಿಲ್ಲ, ಕೇಳಿಸದೆ ಇರುವುದೇ ಒಳ್ಳೆಯದು. ಗಾಳಿಯೆಲ್ಲ ಮೂಗಿಗೆ ಹೋಗುತ್ತದೆ. ಪಾಪ ಎಂದರೆ ಮಾಮ ಆಗುತ್ತದೆ. ನಿನ್ನೆ ನೋವಿಗೆ "ತಮ್ಮಾ ತಮ್ಮಾ" ಎಂದು ಕರೆದೆನಂತೆ. ನರ್ಸು ಓಡಿಬಂದು, "ನಮ್ಮ, ನಮ್ಮ ಅಂತೀರಲ್ಲ, ನಿಮ್ಮದು ಏನು ಬೇಕು ಹೇಳಿ" ಎಂದು ಕೇಳುತ್ತಾಳೆ. ತ ಎನ್ನಲು ಹೋದರೆ ನ ಬರುತ್ತದೆ ಕಣೋ. ನಿನ್ನನ್ನು ಕರೆಯಲು ನನಗೆ ಅಕ್ಷರವಿಲ್ಲ. ದೇವರನ್ನು ಕರೆದರೆ "ನೇವರೇ" ಎಂದಾಗುತ್ತದೆ. ಅವನಿಗಾದರೂ ಅರ್ಥವಾಗಬೇಕು.

ಈಗ ನನ್ನ ಸರದಿ. ನೀನು ಜುಲೈನಲ್ಲಿ ನಿನ್ನದನ್ನು ಬರೆದೆ. ನಾನು ನನ್ನದನ್ನು ಬರೆಯಲಿಲ್ಲ.

ಗುಂಡುಸೂಜಿ ಒಂದು ಸಲ ಚುಚ್ಚಿದ್ದಲ್ಲ. ಆ ದಿನದ ನಂತರ ದಿನಾ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ನಾನೇ ಸೂಜಿ ತೆಗೆದುಕೊಂಡು ಚುಚ್ಚಿ ನೋಡುತ್ತಿದ್ದೆ. ದೇವರ ದಯೆ ಇನ್ನೂ ಇದೆಯೋ ಇಲ್ಲವೋ ಎಂದು. ಮೊದಲು ತುಟಿ. ಆಮೇಲೆ ಮೂಗಿನ ಪಕ್ಕ. ಜುಲೈ ಹೊತ್ತಿಗೆ ಕಣ್ಣಿನ ಕೆಳಗಿನವರೆಗೆ. ದಯೆ ದಿನೇ ದಿನೇ ಮೇಲಕ್ಕೆ ಏರುತ್ತಿದೆ ಎಂದು ಕೈ ಮುಗಿದೆ. ನೀನು ಕಾಗದದಲ್ಲಿ ಕೇಳಿದಾಗ ಅಳೆಯಲು ಹೊತ್ತಿಲ್ಲ ಎಂದು ಬರೆದೆ. ಅಳೆದೇ ಇದ್ದೆ. ಸೂಜಿಯ ಗುರುತು ಕೆನ್ನೆಯ ಮೇಲೆ ಸಾಲಾಗಿ ಇತ್ತು, ಹೊಲಿಗೆಗೆ ಗುರುತು ಹಾಕಿದ ಹಾಗೆ. ನಿನಗೆ ಬರೆದರೆ ನೀನು ಅದನ್ನು ರೋಗ ಎನ್ನುತ್ತೀಯ ಎಂದು ಹೆದರಿದೆ.

ಆದ್ದರಿಂದ ಒಬ್ಬನೇ ಹೊರಬೇಡ. ನೀನು ಉಜ್ಜಿದೆ, ನಾನು ಕೈ ಮುಗಿದೆ. ಇಬ್ಬರೂ ಸೇರಿ ಅದಕ್ಕೆ ಜಾಗ ಮಾಡಿಕೊಟ್ಟೆವು.

ದೇವರ ಮೇಲೆ ಕೋಪವಿದೆಯೇ ಎಂದು ಡಾಕ್ಟರಮ್ಮ ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ನೋವು ತೆಗೆ ಎಂದು ಕೇಳಿದ್ದೆ, ತೆಗೆದ. ಕೇಳಲು ಬಾರದವಳು ನಾನು.

ಅಕ್ಕ


ಡಿಸೆಂಬರ್ 6

ಅಕ್ಕಾ,

ಓದಿದೆ. ನನಗೆ ಬರುವುದು ಒಂದೇ ಕೆಲಸ, ಅದನ್ನು ಹೇಳುತ್ತೇನೆ.

ಆ ಗುಹೆಗೆ ಒಂದು ಮುಚ್ಚಳ ಕಟ್ಟುತ್ತೇನೆ. ಕೆಳಗೆ ಹಲ್ಲು, ಮೇಲೆ ಟೊಳ್ಳಾದ ಉಂಡೆಯ ಹಾಗೆ ಒಂದು ಭಾಗ, ಅದು ಮೇಲಕ್ಕೆ ಹೋಗಿ ಕೂತರೆ ಗಾಳಿ ಮೂಗಿಗೆ ಹೋಗುವುದಿಲ್ಲ. ಭಾರವಾಗಬಾರದು, ಅದಕ್ಕೇ ಟೊಳ್ಳು. ಗುರುವಾರ ಡಾಕ್ಟರಮ್ಮ ಅಚ್ಚು ತೆಗೆಯುತ್ತಾರೆ. ಮೊದಲನೆಯದು ತಾತ್ಕಾಲಿಕ. ಗಾಯ ಮಾಗಿದ ಮೇಲೆ ಎರಡನೆಯದು.

ವರದಿ ಬಂದಿದೆ. ಕತ್ತರಿಸಿದ ಅಂಚು ಎಲ್ಲ ಚೆನ್ನಾಗಿದೆ, ರೋಗ ಉಳಿದಿಲ್ಲ. ಆರು ವಾರ ಕಿರಣ ಕೊಡುತ್ತಾರೆ, ಅದು ಮಾಮೂಲಿ, ಎಲ್ಲರಿಗೂ ಕೊಡುತ್ತಾರೆ.

ತಮ್ಮ


ಮಾರ್ಚ್ 15

ತಮ್ಮನಿಗೆ,

ಮನೆ ಸೇರಿ ಹತ್ತು ದಿನವಾಯಿತು. ನೀನು ಕಟ್ಟಿದ ಎರಡನೆಯ ಮುಚ್ಚಳ ಬಾಯಲ್ಲಿ ಕೂತಿದೆ. ಕಿರಣದಲ್ಲಿ ಬಾಯಿ ಸುಟ್ಟು ಎಲ್ಲ ಮಣ್ಣಿನ ರುಚಿ, ಗಂಜಿಯೂ ಮಣ್ಣು, ನೀರೂ ಮಣ್ಣು. ಆದರೆ ಮಾತು ಬಂದಿದೆ.

ಅವತ್ತು ನಿನ್ನ ಕೋಣೆಯಲ್ಲಿ ಅದನ್ನು ಮೊದಲ ಸಲ ಹಾಕಿದಾಗ ನೀನು ಮಾಡಿದ್ದನ್ನು ಅತ್ತೆಗೆ ಹೇಳಿದೆ. ನೀನು "ತಮ್ಮ ಅನ್ನುವಾಗ ಬರುವ ತ ಒಂದನ್ನೇ ಅನ್ನು" ಎಂದೆ. ನಾನು ಅಂದೆ. ನಿನಗೆ ತ ಕೇಳಿಸಿತೋ ನ ಕೇಳಿಸಿತೋ ಗೊತ್ತಾಗದೆ, ನನ್ನ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದೆ. ಉಸಿರು ಬಿದ್ದು ಮಂಜಾದರೆ ನ, ಆಗದಿದ್ದರೆ ತ. ಕನ್ನಡಿ ಮಂಜಾಗಲಿಲ್ಲ. ನೀನು ಕನ್ನಡಿಯನ್ನೇ ನೋಡುತ್ತಾ ಕೂತಿದ್ದೆ, ನಿನ್ನ ಮುಖವನ್ನು ನಾನು ನೋಡಿದೆ. ಅತ್ತೆ ಇದನ್ನೆಲ್ಲ ಕೇಳಿ, "ಕಿವುಡ ಮಾಡಿದ ಬಾಯಿ, ಪರವಾಗಿಲ್ಲ, ಚೆನ್ನಾಗಿದೆ" ಎಂದು ತೀರ್ಪು ಕೊಟ್ಟರು.

ಸಂಜೆ ಪ್ರಾರ್ಥನೆ ಮತ್ತೆ ನಾನೇ ಹೇಳಿಕೊಟ್ಟೆ. ದೇವರೇ ಎಂದಾಗ ದ ಬಂತು. ಗುಂಡಿ ಹಚ್ಚುವವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ನಿಮ್ಮ ರಾಗ ಮೊದಲೂ ಅಷ್ಟಕ್ಕಷ್ಟೇ ಇತ್ತು ಬಿಡಿ" ಎಂದಳು.

ಇನ್ನೊಂದು ಮಾತು. ನೀನು ಅಂಚು ಚೆನ್ನಾಗಿದೆ ಎಂದು ಬರೆದಿದ್ದೆ. ಲೋ ತಮ್ಮ, ನಿನಗೆ ಕೇಳಲೆಂದು ಡಾಕ್ಟರಮ್ಮ ವರದಿಯನ್ನು ಕೂಗಿಯೇ ಹೇಳಿದರು. ವಾರ್ಡಿನ ಬಾಗಿಲಲ್ಲಿ ನಿಂತು. "ಹಿಂದಿನ ಅಂಚಿನಲ್ಲಿ ಇನ್ನೂ ಇದೆ" ಎಂದದ್ದು ಇಡೀ ಮಹಡಿಗೆ ಕೇಳಿತು. ಅಜ್ಜಿಯೂ ಎದ್ದು ಕೂತಳು.

ಮೂವತ್ತು ವರ್ಷ ಬಟ್ಟೆ ಕತ್ತರಿಸಿದವಳಿಗೆ ಅಂಚು ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಲೆ ಎಲ್ಲಿಯವರೆಗೆ ಹರಡಿದೆಯೋ ಅದಕ್ಕಿಂತ ಎರಡು ಬೆರಳು ಆಚೆಗೆ ಕತ್ತರಿ ಇಡಬೇಕು. ಅಲ್ಲಿ ಬಟ್ಟೆ ಇರಬೇಕಷ್ಟೇ. ಅವರಿಗೆ ಹಿಂದೆ ಬಟ್ಟೆ ಇರಲಿಲ್ಲ. ಅದರಾಚೆ ಕಣ್ಣು, ಅದರಾಚೆ ಮಿದುಳು. ಅವರ ತಪ್ಪೇನಿಲ್ಲ.

ನಿನ್ನ ಸುಳ್ಳಿಗೆ ಸಿಟ್ಟಿಲ್ಲ. ಸುಳ್ಳು ಹೇಳುವಾಗಲಾದರೂ ಅಕ್ಷರ ಗುಂಡಗೆ ಬರಿ. ನಡುಗಿತ್ತು.

ಅಕ್ಕ


ಏಪ್ರಿಲ್ 2

ಅಕ್ಕಾ,

ಇನ್ನು ಸುಳ್ಳು ಬರೆಯುವುದಿಲ್ಲ.

ನೀನು ಒಂದು ಮಾಡಬೇಕು. ಗಾಯ ಮಾಗುತ್ತಾ ಹೋದರೆ ಒಳಗಿನ ಜಾಗ ಬದಲಾಗಿ ಮುಚ್ಚಳ ಸಡಿಲವಾಗುತ್ತದೆ, ಮಾತಾಡುವಾಗ ಅಲುಗುತ್ತದೆ. ಅದು ಒಳ್ಳೆಯದು. ಸಡಿಲವಾದರೆ ಮೇಲೆ ಒಂದು ಪದರ ಕೊಟ್ಟು ಸರಿಮಾಡುತ್ತೇನೆ, ಖುಷಿಯಿಂದ ಮಾಡುತ್ತೇನೆ. ಬಿಗಿಯಾದರೆ ಮಾತ್ರ ಅವತ್ತೇ ತಿಳಿಸು. ಪ್ರತಿ ವಾರ ಒಂದು ಕಾರ್ಡಿನಲ್ಲಿ ಒಂದೇ ಪದ ಬರೆದು ಹಾಕು, ಸಡಿಲ ಅಥವಾ ಬಿಗಿ. ಬೇರೆ ಏನೂ ಬೇಡ.

ಜೂನ್ ಮೊದಲ ವಾರ ಡಾಕ್ಟರಮ್ಮ ಪರೀಕ್ಷೆಗೆ ಕರೆದಿದ್ದಾರೆ, ಮರೆಯಬೇಡ.

ತಮ್ಮ


ಏಪ್ರಿಲ್ 10

ಸಡಿಲ. ಅತ್ತೆಯನ್ನೂ ಸೇರಿಸಿ ಬರೆಯಲೇ? ಅವರು ಬಿಗಿ.


ಏಪ್ರಿಲ್ 17

ಸಡಿಲ.


ಏಪ್ರಿಲ್ 24

ಸಡಿಲ. ಕೂದಲು ಚಿಗುರುತ್ತಿದೆ, ಬೆಳ್ಳಗೆ.


ಮೇ 1

ಹಾಗೇ ಇದೆ.


ಮೇ 6

ಅಕ್ಕಾ,

ಹಾಗೇ ಇದೆ ಎನ್ನುವ ಪದವನ್ನು ನಾನು ಕೊಟ್ಟಿರಲಿಲ್ಲ. ಸರಿಯಾಗಿ ಬರೆ.

ನಿನ್ನ ಕಾರ್ಡುಗಳನ್ನು ಹಲಗೆಯ ಮೇಲೆ ಅಚ್ಚುಗಳ ಪಕ್ಕದಲ್ಲಿ ನಿಲ್ಲಿಸಿದ್ದೇನೆ. ಮೂರು ಸಡಿಲ ನೋಡಿದ ಮೇಲೆ ನನಗೆ ನಿದ್ದೆ ಹತ್ತಿತು. ಜುಲೈನಿಂದ ಹತ್ತಿರಲಿಲ್ಲ. ನಾನು ಕೆಲಸ ಮಾಡುವಾಗ ಏನೋ ಗುನುಗುತ್ತೇನಂತೆ, ಹೆಂಡತಿ ಹೇಳಿದಳು. ನನಗೆ ಕೇಳಿಸದು.

ತಮ್ಮ


ಮೇ 11

ಸಡಿಲ.


ಮೇ 18

ಸಡಿಲ. ಗುನುಗುತ್ತಿರು.


ಮೇ 25

ಸಡಿಲ.


ಜೂನ್ 12

ತಮ್ಮನಿಗೆ,

ಪರೀಕ್ಷೆಗೆ ಯಾಕೆ ಬರಲಿಲ್ಲ ಎಂದು ನೀನು ನಿನ್ನೆ ಯಜಮಾನಿಯ ಫೋನಿಗೆ ಮೂರು ಸಲ ಕೂಗಿದೆ. ಅವರು ಹೇಳಿದ್ದು ನಿನಗೆ ಕೇಳಿಸಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಹೇಳಲು ಆಗುತ್ತಿರಲಿಲ್ಲ. ಯಾಕೆಂದು ಹೇಳುತ್ತೇನೆ, ಕೂತು ಓದು.

ಕೊನೆಯ ಮೂರು ಕಾರ್ಡು ಸುಳ್ಳು.

ಮೇ ಒಂದಕ್ಕೇ ಅನುಮಾನವಿತ್ತು, ಅದಕ್ಕೇ ಹಾಗೇ ಇದೆ ಎಂದು ಬರೆದೆ. ಮುಂದಿನ ವಾರ ಬಿಗಿ ಎಂದು ಬರೆಯಲು ಕಾರ್ಡು ತೆಗೆದುಕೊಂಡಿದ್ದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು, ನಿದ್ದೆ ಹತ್ತಿತು ಎಂದು, ಗುನುಗುತ್ತೇನೆ ಎಂದು. ಒಂದು ತಿಂಗಳಾದರೂ ನನ್ನ ತಮ್ಮ ಮಲಗಲಿ ಎಂದು ಸಡಿಲ ಬರೆದೆ. ದೇವರ ಹತ್ತಿರ ಕ್ಷಮೆ ಕೇಳಿದ್ದೇನೆ. ನಿನ್ನ ಹತ್ತಿರ ಈಗ ಕೇಳುತ್ತಿದ್ದೇನೆ. ಪರೀಕ್ಷೆಗೆ ಬಂದಿದ್ದರೂ ಅವರು ನೋಡುವುದು ನನಗೆ ಗೊತ್ತಿರುವುದನ್ನೇ. ಹಿಂದೆ ಬಟ್ಟೆಯಿಲ್ಲ ಎನ್ನುವುದು ಡಿಸೆಂಬರಿನಲ್ಲೇ ತೀರ್ಮಾನವಾದ ಮಾತು.

ಮುಚ್ಚಳ ನಾಲ್ಕು ದಿನದಿಂದ ಒಳಗೆ ಹೋಗುತ್ತಿಲ್ಲ. ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ. ಈ ಸಲ ನೋವು ಇದೆ, ಚೆನ್ನಾಗಿಯೇ ಇದೆ. ಅದನ್ನು ತೆಗೆದುಬಿಡು ಎಂದು ನಾನು ದೇವರನ್ನು ಕೇಳಿಲ್ಲ. ಇನ್ನು ಅವನಾಗಿಯೇ ಏನು ಕೊಟ್ಟರೂ ಸರಿ. ಅತ್ತೆ ನನ್ನ ಮಂಚದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ತಮಾಷೆ ಮಾಡುವುದನ್ನು ಬಿಟ್ಟಿದ್ದಾರೆ. ನಾನು ಏನಾದರೂ ಅಂದರೆ ಗುಂಡಿ ಹಚ್ಚುವವಳಿಗೂ ತಿಳಿಯುವುದಿಲ್ಲ, ಅತ್ತೆಗೆ ತಿಳಿಯುತ್ತದೆ. ಹಲ್ಲಿಲ್ಲದವರ ಮಾತು ಹಲ್ಲಿಲ್ಲದವರಿಗೇ.

ಮುಚ್ಚಳವನ್ನು ತೊಳೆದು ಡಬ್ಬಿಯಲ್ಲಿ ನೀರು ಹಾಕಿ ಇಟ್ಟಿದ್ದೇನೆ. ಒಣಗಲು ಬಿಟ್ಟಿಲ್ಲ. ನಿನಗೆ ಕಳಿಸುವುದಿಲ್ಲ. ಕಳಿಸಿದರೆ ನೀನು ಉಜ್ಜುತ್ತೀಯ, ನಿನ್ನ ಕೈ ನನಗೆ ಗೊತ್ತು. ಬೇಡ. ಅದಕ್ಕೆ ಇನ್ನು ಜಾಗ ಮಾಡಿಕೊಡುವುದು ಬೇಡ.

ಮೇಣ, ಪ್ಲಾಸ್ಟರ್, ಮೆಷಿನ್ನು ಏನನ್ನೂ ತರಬೇಡ. ಆ ಪುಟ್ಟ ಕನ್ನಡಿಯನ್ನೂ ತರಬೇಡ. ಬರಿಗೈಯಲ್ಲಿ ಬಂದು ಈ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೋ. ನಿನಗೆ ಕೇಳಿಸುವುದಿಲ್ಲ, ನನಗೆ ಹೇಳಲಾಗುವುದಿಲ್ಲ. ಹಾಗೇ ಕೂತಿರೋಣ.

ನಿನ್ನೆ ಫೋನಿನ ಪಕ್ಕದಲ್ಲಿ ನಿಂತು ಒಂದೇ ಒಂದು ಅಕ್ಷರ ಹೇಳಲು ನೋಡಿದೆ. ಮಾ ಎಂದೇ ಬಂತು. ಮೂರು ಸಲವೂ ಮಾ. ಬರೆದರೆ ಮಾತ್ರ ಸರಿಯಾಗಿ ಬರುತ್ತದೆ, ನೋಡು:

ಬಾ.

ಅಕ್ಕ